ಎಣ್ಣೆ, ತುಪ್ಪ, ಹೃದಯ: ಯಾವ ಪುರಾವೆ ಎಷ್ಟು ಗಟ್ಟಿ?

ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದವರಿಗೆ ಎಮ್ಮಿಗನೂರಿನಲ್ಲಾಗಲಿ ಹೊಸಪೇಟೆಯಲ್ಲಾಗಲಿ ಸಿಗುವ ಮೊದಲ ಬುದ್ಧಿಮಾತು ಒಂದೇ: ಎಣ್ಣೆ, ತುಪ್ಪ ಮುಟ್ಟಬೇಡಿ. ಮನೆಯವರು ಅಂದಿನಿಂದಲೇ ರೊಟ್ಟಿಗೆ ತುಪ್ಪ ಸವರುವುದನ್ನು ನಿಲ್ಲಿಸುತ್ತಾರೆ, ಶೇಂಗಾ ಚಟ್ನಿ ನಿಲ್ಲಿಸುತ್ತಾರೆ, ಮೊಟ್ಟೆ ನಿಲ್ಲಿಸುತ್ತಾರೆ. ಹೊಟ್ಟೆ ತುಂಬಬೇಕಲ್ಲ, ತಟ್ಟೆಗೆ ಅನ್ನ ಇನ್ನೊಂದು ಸೌಟು ಹೆಚ್ಚು ಬೀಳುತ್ತದೆ. ಇತ್ತ ಮೊಬೈಲು ತೆರೆದರೆ ತದ್ವಿರುದ್ಧದ ಮಾತು: ತುಪ್ಪದಿಂದ ಏನೂ ಆಗುವುದಿಲ್ಲ, ಕೊಲೆಸ್ಟ್ರಾಲ್ ಎಂಬುದೇ ಔಷಧ ಕಂಪನಿಗಳ ಹುನ್ನಾರ, ದಿನಾ ಬೆಳಗ್ಗೆ ಎರಡು ಚಮಚ ತುಪ್ಪ ಕುಡಿಯಿರಿ. ಎರಡೂ ಕಡೆಯವರು ಸಂಶೋಧನೆಯ ಹೆಸರನ್ನೇ ಹೇಳುತ್ತಾರೆ. ನಡುವೆ ಸಿಕ್ಕಿದ ರೋಗಿ ಯಾರನ್ನು ನಂಬಬೇಕು?

ನೂರು ವರ್ಷಕ್ಕೂ ಮೀರಿದ ಈ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಕೊಬ್ಬಿನಿಂದ ಹೃದ್ರೋಗ ಬರುತ್ತದೆಯೇ ಎಂಬುದು ಒಂದು ಪ್ರಶ್ನೆಯಲ್ಲ, ನಾಲ್ಕೈದು ಪ್ರಶ್ನೆಗಳ ಗಂಟು. ಅದರ ಕೆಲವು ಎಳೆಗಳಿಗೆ ಕಲ್ಲಿನಂಥ ಪುರಾವೆ ಇದೆ, ಕೆಲವಕ್ಕೆ ಸಾಧಾರಣ ಪುರಾವೆ, ಕೆಲವಕ್ಕೆ ಬರೀ ಊಹೆ. ದುರ್ದೈವವೆಂದರೆ, ನಮ್ಮ ಕಡೆಯ ಜನ ಬಲು ಶ್ರದ್ಧೆಯಿಂದ ಪಾಲಿಸುವುದು ಪುರಾವೆ ತೀರ ದುರ್ಬಲವಾಗಿರುವ ಸಲಹೆಯನ್ನು. ಗಟ್ಟಿ ಪುರಾವೆಯಿರುವ ಸಲಹೆ ಅಡುಗೆಮನೆಗೆ ಇನ್ನೂ ಬಂದೇ ಇಲ್ಲ.

ಕಥೆ ಶುರುವಾಗುವುದು ರಷ್ಯಾದ ಮೊಲಗಳಿಂದ. 1913ರಲ್ಲಿ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಅವುಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ಮೊಲ ಸೊಪ್ಪು ತಿನ್ನುವ ಪ್ರಾಣಿ, ಮನುಷ್ಯರ ಮಾತು ಬೇರೆ ಎಂದು ಹಲವರು ಅದನ್ನು ಬದಿಗಿಟ್ಟರು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ಆರಂಭವಾಯಿತು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಹೃದಯಾಘಾತ ಹೆಚ್ಚು ಎಂಬುದು ಅಲ್ಲಿ ಸ್ಪಷ್ಟವಾಯಿತು. ಆದರೆ ರಕ್ತದ ಕೊಲೆಸ್ಟ್ರಾಲಿಗೂ ತಟ್ಟೆಯ ಕೊಬ್ಬಿಗೂ ಏನು ನಂಟು? ಅದನ್ನು ತೋರಿಸಲು ಹೊರಟವರು ಆನ್ಸೆಲ್ ಕೀಸ್. 1953ರಲ್ಲಿ ಅವರು ಆರು ದೇಶಗಳ ಲೆಕ್ಕ ಹಿಡಿದು, ಕೊಬ್ಬು ಹೆಚ್ಚು ತಿನ್ನುವ ದೇಶದಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದು ಗೆರೆ ಎಳೆದರು. 22 ದೇಶಗಳ ಅಂಕಿ ಸಿಗುತ್ತಿರುವಾಗ ಆರೇ ಏಕೆ ಎಂದು 1957ರಲ್ಲಿ ಯೆರುಶಾಲ್ಮಿ ಮತ್ತು ಹಿಲ್ಲೆಬೋ ಕೇಳಿದರು. ಕೀಸ್ 1958ರಲ್ಲಿ ಹಮ್ಮಿಕೊಂಡ ಏಳು ದೇಶಗಳ ಅಧ್ಯಯನ ಅದಕ್ಕಿಂತ ಎಷ್ಟೋ ಪಾಲು ಮೇಲು. ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ, ಊಟವನ್ನು ಅಳೆದು, ವರ್ಷಗಟ್ಟಲೆ ಕಾದು ನೋಡಿದ ಅಧ್ಯಯನ ಅದು. ಅಲ್ಲಿ ಹೃದ್ರೋಗದ ಜತೆ ಹೊಂದಿಕೊಂಡದ್ದು ಒಟ್ಟು ಕೊಬ್ಬಲ್ಲ. ಬೆಣ್ಣೆ, ಮಾಂಸ, ತುಪ್ಪ, ಪಾಮ್ ಎಣ್ಣೆಗಳಲ್ಲಿ ಹೆಚ್ಚಿರುವ, ಡಬ್ಬದ ಮೇಲೆ ಸ್ಯಾಚುರೇಟೆಡ್ ಎಂದು ಬರೆದಿರುವ ಪರ್ಯಾಪ್ತ ಕೊಬ್ಬು. ಗ್ರೀಸಿನ ಕ್ರೀಟ್ ದ್ವೀಪದವರು ಆಲಿವ್ ಎಣ್ಣೆಯನ್ನು ಧಾರಾಳವಾಗಿ ಸುರಿದುಕೊಂಡರೂ ಅವರಲ್ಲಿ ಹೃದ್ರೋಗ ತೀರ ಕಡಿಮೆ ಇತ್ತು. ಆದರೂ ಇಡೀ ಊರಿನ ಸರಾಸರಿಯನ್ನು ಇನ್ನೊಂದು ಊರಿನ ಸರಾಸರಿಯೊಡನೆ ಹೋಲಿಸುವ ಈ ವಿಧಾನ ದಾರಿ ತೋರಿಸಬಲ್ಲದೇ ಹೊರತು ತೀರ್ಪು ಕೊಡಲಾರದು. ಏಳು ದೇಶಗಳಲ್ಲಿ ಭಾರತ ಇರಲಿಲ್ಲ.

ಭಾರತದ ಉತ್ತರ ಬಂದದ್ದು ರೈಲ್ವೆಯಿಂದ. ಈ ಚರ್ಚೆಯಲ್ಲಿ ನಮ್ಮವರು ಅದನ್ನು ನೆನೆಯುವುದೇ ಕಡಿಮೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ರೈಲ್ವೆಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರಾ 1958ರಿಂದ 1962ರವರೆಗೆ ದೇಶದ ಹನ್ನೊಂದೂವರೆ ಲಕ್ಷ ರೈಲ್ವೆ ನೌಕರರ ಸಾವಿನ ದಾಖಲೆಗಳನ್ನು ವಲಯವಾರು ವಿಂಗಡಿಸಿದರು. ನಮ್ಮ ಹೊಸಪೇಟೆ ನಿಲ್ದಾಣವೂ ಆಗ ದಕ್ಷಿಣ ರೈಲ್ವೆಗೆ ಸೇರಿತ್ತು. 1967ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬಂದ ಅವರ ಲೇಖನ ಓದಿದವರನ್ನು ಬೆರಗುಗೊಳಿಸಿತು. ಮದ್ರಾಸ್ ಕಡೆಯ ನೌಕರರಲ್ಲಿ ಹೃದಯಾಘಾತದ ಸಾವು ಲಕ್ಷಕ್ಕೆ 135, ಪಂಜಾಬಿನವರಲ್ಲಿ ಬರೀ 20. ಸುಮಾರು ಏಳು ಪಟ್ಟು ವ್ಯತ್ಯಾಸ. ಸತ್ತವರ ಸರಾಸರಿ ವಯಸ್ಸು ದಕ್ಷಿಣದಲ್ಲಿ 44, ಉತ್ತರದಲ್ಲಿ 52. ಕೊಬ್ಬು ತಿನ್ನುವುದರಲ್ಲಿ ಮಾತ್ರ ಲೆಕ್ಕ ತಿರುವುಮುರುವು: ಪಂಜಾಬಿನವರು ದಕ್ಷಿಣದವರಿಗಿಂತ 8ರಿಂದ 19 ಪಟ್ಟು ಹೆಚ್ಚು ಕೊಬ್ಬು ತಿನ್ನುತ್ತಿದ್ದರು, ಅದರಲ್ಲೂ ಬಹುಪಾಲು ಹಾಲು, ಬೆಣ್ಣೆ, ತುಪ್ಪದ್ದು. ದಕ್ಷಿಣದವರದು ಬೀಜದ ಎಣ್ಣೆ, ಅದೂ ಅಳತೆಯದು.

ತುಪ್ಪದ ಪರವಾಗಿ ವಾದಿಸುವವರಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಬೇಕಿಲ್ಲ. ಆದರೆ ಕೀಸ್ ಅವರ ಗೆರೆಗಳಿಗೆ ಹೇಳಿದ ಆಕ್ಷೇಪವನ್ನೇ ಇಲ್ಲಿಗೂ ಹೇಳಬೇಕಾಗುತ್ತದೆ. ಇದೂ ಗುಂಪಿನ ಸರಾಸರಿಯೇ. ಸತ್ತ ನೌಕರ ಏನು ತಿನ್ನುತ್ತಿದ್ದ ಎಂದು ಒಬ್ಬೊಬ್ಬರ ಲೆಕ್ಕ ಇಲ್ಲ. ಸಾವಿನ ಪ್ರಮಾಣಪತ್ರದಲ್ಲಿ ಹೃದಯಾಘಾತ ಎಂದು ಬರೆಯಲು ಅದನ್ನು ಗುರುತಿಸುವ ವೈದ್ಯರು ಇರಬೇಕು. ಆ ಅನುಕೂಲ ಎಲ್ಲ ಕಡೆ ಸಮನಾಗಿರಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಇಂದಿನಂತೆ ಬೇರ್ಪಡಿಸಿ ತೂಗಿಲ್ಲ. ಇನ್ನೊಂದು ಮಾತು: ಆಗ ಸುರಕ್ಷಿತವೆಂದು ಕಂಡ ಪಂಜಾಬು 2016ರ ರಾಜ್ಯವಾರು ಲೆಕ್ಕದಲ್ಲಿ ಕೇರಳ, ತಮಿಳುನಾಡುಗಳ ಜತೆ ಹೃದ್ರೋಗದ ಮೇಲಿನ ಸಾಲಿಗೆ ಬಂದು ನಿಂತಿದೆ. ತುಪ್ಪವೇ ಕಾಪಾಡುತ್ತಿತ್ತು ಎನ್ನುವುದಾದರೆ ಹೀಗಾಗಬಾರದಿತ್ತು. ಆದರೂ ಮಲ್ಹೋತ್ರಾ ಅವರ ಅಂಕಿಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಕೊಬ್ಬು ತೀರ ಕಡಿಮೆ ತಿನ್ನುವ, ಅನ್ನವೇ ಪ್ರಧಾನವಾದ ದಕ್ಷಿಣದ ಊಟ ಹೃದಯಕ್ಕೆ ರಕ್ಷಾಕವಚವಾಗಲಿಲ್ಲ ಎಂಬುದನ್ನು ಅವು ಅರವತ್ತು ವರ್ಷದ ಹಿಂದೆಯೇ ಹೇಳಿದವು. ಭತ್ತದ ನಾಡಾದ ಕಂಪ್ಲಿ, ಸಿರುಗುಪ್ಪ, ಗಂಗಾವತಿಯವರು ಕಿವಿಗೊಡಬೇಕಾದದ್ದು ಈ ಭಾಗಕ್ಕೆ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಎಳೆಗೆ ಬರೋಣ. ರಕ್ತದಲ್ಲಿ ಎಲ್‌ಡಿಎಲ್ ಎಂಬ ಕಣ ಹೆಚ್ಚಾದರೆ ಅದು ರಕ್ತನಾಳದ ಗೋಡೆಯೊಳಗೆ ಸಿಕ್ಕಿಕೊಂಡು, ಊತ ತಂದು, ನಾಳ ಕಟ್ಟುತ್ತದೆ. ಇದು ಊಹೆಯಲ್ಲ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ತಂದುಕೊಟ್ಟದ್ದು ರಕ್ತದಿಂದ ಎಲ್‌ಡಿಎಲ್ ತೆರವಾಗುವ ಬಗೆಯನ್ನು ಕಂಡುಹಿಡಿದ ಕೆಲಸವೇ. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತವಾಗಿರುವ ಮಕ್ಕಳಿಗೆ, ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದಿದ್ದರೆ, ಬಾಲ್ಯದಲ್ಲೇ ಹೃದಯಾಘಾತವಾಗುವುದುಂಟು. ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆ ಇರುವ ಜೀನು ಪಡೆದವರಿಗೆ ಜೀವಮಾನವಿಡೀ ಹೃದ್ರೋಗ ಕಡಿಮೆ. 1994ರಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಸಿಮ್ವಾಸ್ಟಾಟಿನ್ ಪ್ರಯೋಗದಲ್ಲಿ ಮಾತ್ರೆ ತೆಗೆದುಕೊಂಡವರ ಸಾವು ಶೇ. 30ರಷ್ಟು ತಗ್ಗಿತು. ಅಲ್ಲಿಂದೀಚೆಗಿನ ಹತ್ತಾರು ಪ್ರಯೋಗಗಳನ್ನು ಕೂಡಿಸಿದಾಗ, ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಆಪತ್ತು ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ತಪ್ಪುತ್ತದೆ. ಕೊಲೆಸ್ಟ್ರಾಲ್ ಹುನ್ನಾರ ಎನ್ನುವ ವಿಡಿಯೊ ನೋಡಿ ಮಾತ್ರೆ ಬಿಟ್ಟವರು ಈ ಪುರಾವೆಯ ಎದುರು ತಮ್ಮ ಪ್ರಾಣವನ್ನೇ ಪಣಕ್ಕಿಟ್ಟಂತೆ. ಈ ಮಾತನ್ನು ನಯವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಪರ್ಯಾಪ್ತ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ ಎಂಬುದೂ ಗಟ್ಟಿಯೇ. ಆಸ್ಪತ್ರೆಯ ವಾರ್ಡಿನಲ್ಲಿಟ್ಟು, ತೂಗಿದ ಊಟ ಕೊಟ್ಟು, ವಾರಗಳ ಮೇಲೆ ರಕ್ತ ಪರೀಕ್ಷಿಸುವ ಪ್ರಯೋಗಗಳು 1960ರ ದಶಕದಿಂದ ಇದನ್ನೇ ಮತ್ತೆ ಮತ್ತೆ ತೋರಿಸಿವೆ. ಕರಾವಳಿಯವರ ಪ್ರೀತಿಯ ಕೊಬ್ಬರಿ ಎಣ್ಣೆಗೂ ಇದರಲ್ಲಿ ವಿನಾಯಿತಿ ಸಿಕ್ಕಿಲ್ಲ: 2020ರಲ್ಲಿ ಕೂಡಿಸಿ ನೋಡಿದ ಪ್ರಯೋಗಗಳಲ್ಲಿ ಬೇರೆ ಸಸ್ಯದೆಣ್ಣೆಗಳಿಗಿಂತ ಅದು ಎಲ್‌ಡಿಎಲ್ಲನ್ನು ಸುಮಾರು 10 ಮಿಲಿಗ್ರಾಂ ಹೆಚ್ಚಿಸಿತ್ತು. ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ, ಎಲ್‌ಡಿಎಲ್ ರೋಗ ತರುತ್ತದೆ, ಅಂದಮೇಲೆ ಕೊಬ್ಬು ರೋಗ ತರುತ್ತದೆ. ತರ್ಕ ಸರಿಯಾಗಿಯೇ ಇದೆ. ಆದರೆ ವೈದ್ಯಶಾಸ್ತ್ರ ತರ್ಕವನ್ನಷ್ಟೇ ನಂಬುವುದಿಲ್ಲ, ಊಟ ಬದಲಿಸಿದ ಜನರಿಗೆ ನಿಜವಾಗಿ ಹೃದಯಾಘಾತ ಕಡಿಮೆಯಾಯಿತೇ ಎಂದು ಕೇಳುತ್ತದೆ.

ಅಲ್ಲಿ ದಾರಿ ಕಲ್ಲುಮುಳ್ಳಿನದು. ಲಾಸ್ ಏಂಜಲಿಸ್‌ನಲ್ಲಿ 846 ನಿವೃತ್ತ ಸೈನಿಕರಿಗೆ ಎಂಟು ವರ್ಷದವರೆಗೆ ಬೆಣ್ಣೆಯ ಬದಲು ಸಸ್ಯದೆಣ್ಣೆ ಕೊಟ್ಟರು. ಹೃದಯದ ಆಪತ್ತು ಕಡಿಮೆಯಾಯಿತು, ಒಟ್ಟು ಸಾವು ಕಡಿಮೆಯಾಗಲಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 1968ರಿಂದ 1973ರವರೆಗೆ 9,423 ಜನರ ಮೇಲೆ ಮೆಕ್ಕೆಜೋಳದ ಎಣ್ಣೆಯ ಪ್ರಯೋಗ ನಡೆಯಿತು. ಕೊಲೆಸ್ಟ್ರಾಲ್ ಇಳಿಯಿತು, ಸಾವು ಇಳಿಯಲಿಲ್ಲ. ಅಲ್ಲಿ ಬಹುಪಾಲು ಜನ ಒಂದು ವರ್ಷವೂ ಆ ಊಟದಲ್ಲಿ ಉಳಿಯಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ನಮ್ಮವರು ಕಣ್ಣರಳಿಸಿ ಓದಬೇಕಾದದ್ದು ಸಿಡ್ನಿಯ ಪ್ರಯೋಗ, ಏಕೆಂದರೆ ಅಲ್ಲಿ ಬಳಸಿದ್ದು ಕುಸುಬೆ ಎಣ್ಣೆ. ಜೋಳದ ಹೊಲದ ಬದುವಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆಯನ್ನೇ ಬೇಲಿಯಾಗಿ ಹಾಕುತ್ತಿದ್ದ, ಅದರ ಎಣ್ಣೆಯನ್ನು ಗಾಣದಲ್ಲಿ ತೆಗೆಯುತ್ತಿದ್ದ ಸೀಮೆ ನಮ್ಮದು. ಹೃದಯಕ್ಕೆ ಕುಸುಬೆ ಎಣ್ಣೆಯಷ್ಟು ಒಳ್ಳೆಯದಿಲ್ಲ ಎಂಬ ಮಾತು ಈಗಲೂ ಇದೆ. 1966ರಿಂದ 1973ರವರೆಗೆ ಸಿಡ್ನಿಯಲ್ಲಿ ಹೃದ್ರೋಗಕ್ಕೆ ಒಳಗಾಗಿದ್ದ 458 ಗಂಡಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಬೆಣ್ಣೆ ಬಿಡಿಸಿ ಕುಸುಬೆ ಎಣ್ಣೆ ಮತ್ತು ಕುಸುಬೆಯ ಮಾರ್ಗರಿನ್ ಕೊಟ್ಟರು. ಪೂರ್ತಿ ಫಲಿತಾಂಶ ಹಳೆಯ ದಾಖಲೆಗಳಲ್ಲಿ ಉಳಿದುಹೋಗಿತ್ತು. ಕ್ರಿಸ್ಟೊಫರ್ ರಾಮ್ಸ್‌ಡೆನ್ ಮತ್ತು ಸಂಗಡಿಗರು ಅದನ್ನು ಹೊರತೆಗೆದು 2013ರಲ್ಲಿ ಮರುಲೆಕ್ಕ ಹಾಕಿದರು. ಕುಸುಬೆ ತಿಂದವರಲ್ಲಿ ಸತ್ತವರು ಶೇ. 17.6, ಹಳೆಯ ಊಟದಲ್ಲೇ ಉಳಿದವರಲ್ಲಿ ಶೇ. 11.8. ಒಳ್ಳೆಯದು ಎಂದು ಕೊಟ್ಟ ಎಣ್ಣೆಯ ಕಡೆಗೇ ಸಾವು ಹೆಚ್ಚು!

ಏಕೆ ಹೀಗಾಯಿತು? ಒಂದು ವಿವರಣೆ, ಆ ಕಾಲದ ಮಾರ್ಗರಿನ್‌ನಲ್ಲಿದ್ದ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು. ಇನ್ನೊಂದು ವಿವರಣೆ, ಕುಸುಬೆಯಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯ ಕೊಬ್ಬಿನಾಮ್ಲ, ಲಿನೋಲಿಕ್. ಅಗಸೆ, ಸಾಸಿವೆ, ಮೀನುಗಳಲ್ಲಿರುವ ಒಮೆಗಾ-3 ಅದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮೂರನೆಯದು, 458 ಜನರ ಪ್ರಯೋಗದಲ್ಲಿ ಆಕಸ್ಮಿಕಕ್ಕೂ ಜಾಗವಿದೆ. ನನಗೆ ಮೊದಲ ವಿವರಣೆ ಹೆಚ್ಚು ಸಂಭವನೀಯವೆನಿಸುತ್ತದೆ. ಹಾಗೆಂದು ಒಂದೇ ಎಣ್ಣೆಯನ್ನು ಔಷಧಿಯಂತೆ ನೆಚ್ಚಿಕೊಳ್ಳಬಾರದು ಎಂಬ ಪಾಠ ಯಾವ ವಿವರಣೆ ಒಪ್ಪಿದರೂ ಉಳಿಯುತ್ತದೆ.

ಇಂಥ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು ಕೂಡಿಸಿದ್ದು ಕಾಕ್ರೇನ್ ಸಂಸ್ಥೆ. 2020ರ ಅದರ ವರದಿಯಲ್ಲಿ 15 ಪ್ರಯೋಗಗಳು, ಐವತ್ತಾರು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಕನಿಷ್ಠ ಎರಡು ವರ್ಷ ಪರ್ಯಾಪ್ತ ಕೊಬ್ಬು ಕಡಿಮೆ ಮಾಡಿದವರಲ್ಲಿ ಹೃದಯ, ರಕ್ತನಾಳಗಳ ಆಪತ್ತು ಒಟ್ಟಾರೆ ಶೇ. 17ರಷ್ಟು ತಗ್ಗಿತು. ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮಧ್ಯಮ ದರ್ಜೆಯ ಪುರಾವೆ ಎಂದು ವರದಿಯೇ ಕರೆದಿದೆ. ನನ್ನ ತೂಕದಲ್ಲೂ ಅದು ಅಷ್ಟೇ: ಇದೆ, ನಂಬಬಹುದು, ಆದರೆ ಲಾಭ ದೊಡ್ಡದಲ್ಲ. ಧೂಮಪಾನ ಬಿಟ್ಟರೆ ಸಿಗುವುದರ ಎದುರು ಚಿಕ್ಕದು.

ಒಟ್ಟು ಕೊಬ್ಬನ್ನೇ ಕಡಿಮೆ ಮಾಡಿದರೆ? ನಮ್ಮ ಊರಿನ ಬುದ್ಧಿಮಾತು ನಿಂತಿರುವುದು ಇದರ ಮೇಲೆ, ಕುಸಿಯುವುದೂ ಇಲ್ಲೇ. ಅಮೆರಿಕದಲ್ಲಿ 48,835 ಮಹಿಳೆಯರ ಮೇಲೆ ಸುಮಾರು ಎಂಟು ವರ್ಷ ನಡೆದ ಪ್ರಯೋಗದಲ್ಲಿ ಒಂದು ಪಾಲಿನವರು ಎಲ್ಲ ಬಗೆಯ ಕೊಬ್ಬನ್ನೂ ತಗ್ಗಿಸಿ ಹಣ್ಣು, ತರಕಾರಿ, ಧಾನ್ಯ ಹೆಚ್ಚಿಸಿದರು. 2006ರಲ್ಲಿ ಫಲಿತಾಂಶ ಬಂದಾಗ ಹೃದ್ರೋಗದಲ್ಲಿ ಗಣನೀಯ ಇಳಿಕೆ ಇರಲಿಲ್ಲ. ಸ್ಪೇನಿನಲ್ಲಿ 7,447 ಜನರ ಪ್ರಯೋಗ ಎದುರು ದಿಕ್ಕಿನದು: ಆಲಿವ್ ಎಣ್ಣೆ, ಬಾದಾಮಿ, ಅಕ್ರೋಟುಗಳನ್ನು ಹೆಚ್ಚಿಗೆ ಕೊಟ್ಟರು, ಆಪತ್ತು ಸುಮಾರು ಶೇ. 30 ತಗ್ಗಿತು. ಜನರನ್ನು ಗುಂಪುಗಳಿಗೆ ಹಂಚಿದ್ದರಲ್ಲಿ ಲೋಪ ಕಂಡು ಅದರ ವರದಿ ಹಿಂದೆಗೆದು 2018ರಲ್ಲಿ ಮತ್ತೆ ಪ್ರಕಟಿಸಬೇಕಾಯಿತು. ಮರುಪ್ರಕಟಣೆಯಲ್ಲೂ ತೀರ್ಮಾನ ಉಳಿದುಕೊಂಡಿತು. 1980ರಿಂದ ಕೊಬ್ಬು ಕಡಿಮೆ ತಿನ್ನಿ ಎನ್ನುತ್ತ ಬಂದ ಅಮೆರಿಕದ ಸರ್ಕಾರಿ ಮಾರ್ಗಸೂಚಿ 2015ರಲ್ಲಿ ಒಟ್ಟು ಕೊಬ್ಬಿನ ಮಿತಿಯನ್ನೇ ಕೈಬಿಟ್ಟಿತು. ನಮ್ಮಲ್ಲಿ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಭಾರತದ್ದೇ ಆದ ಊಟದ ಪ್ರಯೋಗ ಇಲ್ಲವೇ ಎಂದು ಕೇಳಬಹುದು. ಇತ್ತು. ಮೊರಾದಾಬಾದಿನಲ್ಲಿ ಸಾವಿರ ಜನರ ಮೇಲೆ ನಡೆಯಿತೆಂದು ಹೇಳಲಾದ ಪ್ರಯೋಗವನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ 2002ರಲ್ಲಿ ಅಚ್ಚು ಹಾಕಿತು. ಅಂಕಿಗಳ ಮೇಲೆ ಸಂದೇಹ ಎದ್ದು 2005ರಲ್ಲಿ ಅದೇ ಪತ್ರಿಕೆ ತನ್ನ ಕಳವಳವನ್ನು ಬಹಿರಂಗವಾಗಿ ಹೇಳಬೇಕಾಯಿತು. ಅದರ ಮೇಲೆ ಭಾರ ಹಾಕಲಾಗದು.

ನಂಬಿ ನಿಲ್ಲಬಹುದಾದ ಕೆಲಸ ನಮ್ಮ ಬೆಂಗಳೂರಿನಲ್ಲೇ ಆಗಿದೆ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಕೆನಡಾದಲ್ಲಿ ಕುಳಿತು ಜಗತ್ತಿನ ಹೃದ್ರೋಗವನ್ನು ಅಳೆದವರು. ಅವರ ತಂಡದ ಪ್ಯೂರ್ ಅಧ್ಯಯನಕ್ಕೆ ಭಾರತದ ಕೇಂದ್ರ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೇ. 18 ದೇಶಗಳ 1,35,335 ಜನರನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2017ರಲ್ಲಿ ಹೇಳಿದ್ದು ಇದು: ಹೆಚ್ಚು ಕೊಬ್ಬು ತಿಂದವರಲ್ಲಿ ಸಾವು ಹೆಚ್ಚಿಲ್ಲ, ಕಡಿಮೆಯೇ. ಅನ್ನ, ಬ್ರೆಡ್ಡು, ಸಕ್ಕರೆಗಳ ಶರ್ಕರಪಿಷ್ಟದಿಂದಲೇ ಮುಕ್ಕಾಲು ಪಾಲು ಶಕ್ತಿ ಪಡೆದವರಲ್ಲಿ ಸಾವು ಶೇ. 28 ಹೆಚ್ಚು. ಇದನ್ನು ಹಿಡಿದು ಬೆಣ್ಣೆಯ ಮೆರವಣಿಗೆ ಹೊರಟವರಿದ್ದಾರೆ. ಆದರೆ ಮೂರು ಹೊತ್ತೂ ಅನ್ನವನ್ನೇ ಉಣ್ಣುವವರು ಯಾರು? ಬೇಳೆ, ಹಾಲು, ಮೊಟ್ಟೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು. ಬಡತನ ಕೊಂದದ್ದನ್ನು ಅನ್ನದ ತಲೆಗೆ ಕಟ್ಟುವ ಅಪಾಯ ಇಂಥ ಅಧ್ಯಯನದಲ್ಲಿ ಸದಾ ಇದೆ. ಅಲ್ಲದೆ ಪ್ಯೂರ್‌ನಲ್ಲಿ ಕೊಬ್ಬಿಗೂ ಹೃದಯಾಘಾತಕ್ಕೂ ನೇರ ನಂಟು ಯಾವ ದಿಕ್ಕಿನಲ್ಲೂ ಕಾಣಲಿಲ್ಲ.

ಗೋಜಲು ಬಿಡಿಸುವ ಕೀಲಿ 2009ರಲ್ಲಿ ಹನ್ನೊಂದು ಅಧ್ಯಯನಗಳ ಮೂರೂವರೆ ಲಕ್ಷದಷ್ಟು ಜನರ ಲೆಕ್ಕ ಕೂಡಿಸಿದಾಗ ಸಿಕ್ಕಿತು. ಪರ್ಯಾಪ್ತ ಕೊಬ್ಬನ್ನು ಬಿಟ್ಟು ಅದರ ಜಾಗಕ್ಕೆ ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳ ಕೊಬ್ಬು ತಿಂದರೆ ಹೃದ್ರೋಗ ತಗ್ಗುತ್ತದೆ. ಅದೇ ಜಾಗಕ್ಕೆ ಶರ್ಕರಪಿಷ್ಟ ತುಂಬಿಕೊಂಡರೆ ಲಾಭವಿಲ್ಲ. ಏನನ್ನು ಬಿಟ್ಟಿರಿ ಎಂಬುದು ಅರ್ಧ ಮಾತು, ಆ ಜಾಗದಲ್ಲಿ ಏನು ತಿಂದಿರಿ ಎಂಬುದು ಉಳಿದರ್ಧ. ಈ ಎರಡನೇ ಅರ್ಧವನ್ನು ಕೇಳದೇ ಹೋದ ಅಧ್ಯಯನಗಳೇ ಪರ್ಯಾಪ್ತ ಕೊಬ್ಬು ನಿರ್ದೋಷಿ ಎಂಬ ಸುದ್ದಿಗೆ ದಾರಿ ಮಾಡಿಕೊಟ್ಟವು. ಸ್ಟೆಂಟ್ ಹಾಕಿಸಿಕೊಂಡವರ ತಟ್ಟೆಯಿಂದ ಶೇಂಗಾ ಚಟ್ನಿ ತೆಗೆದು ಅನ್ನ ಬಡಿಸುವ ಮನೆಯವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಆದರೆ ಆ ಅದಲುಬದಲಿಗೆ ಯಾವ ಪುರಾವೆಯೂ ಇಲ್ಲ. ನಮ್ಮ ದೇಶದವರು ಈಗಾಗಲೇ ಶೇ. 62ರಷ್ಟು ಶಕ್ತಿಯನ್ನು ಶರ್ಕರಪಿಷ್ಟದಿಂದ ಪಡೆಯುತ್ತಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2025ರಲ್ಲಿ ಹೇಳಿದೆ.

ಸೇಂಟ್ ಜಾನ್ಸ್‌ನವರು ದೆಹಲಿಯವರೊಡನೆ ಸೇರಿ ಮಾಡಿದ ಇನ್ನೊಂದು ಅಧ್ಯಯನ 2004ರಲ್ಲಿ ಬಂತು. ಎರಡೂ ನಗರಗಳ ಎಂಟು ಆಸ್ಪತ್ರೆಗಳಲ್ಲಿ ಹೃದಯಾಘಾತವಾಗಿ ಸೇರಿದ 350 ಜನರನ್ನೂ ಹೃದ್ರೋಗವಿಲ್ಲದ 700 ಜನರನ್ನೂ ಕೂರಿಸಿ ಊಟದ ವಿವರ ಕೇಳಿದರು. ಹಸಿರು ಸೊಪ್ಪು ಹೆಚ್ಚು ತಿನ್ನುತ್ತಿದ್ದವರಲ್ಲಿ ಹೃದಯಾಘಾತ ಬಹಳ ಕಡಿಮೆ ಕಂಡಿತು. ಸೂರ್ಯಕಾಂತಿಗಿಂತ ಸಾಸಿವೆ ಎಣ್ಣೆ ಬಳಸುವವರಲ್ಲಿ ಅಪಾಯ ಕಡಿಮೆ. ಸಾಸಿವೆ ಎಣ್ಣೆಯಲ್ಲಿ ಒಮೆಗಾ-3 ಇದೆ, ಅದೇ ಕಾರಣವಿರಬಹುದು. ರೋಗಿ ನೆನಪಿನಿಂದ ಹೇಳಿದ ಲೆಕ್ಕ, ಸಣ್ಣ ಸಂಖ್ಯೆ. ಹಾಗಾಗಿ ಇದು ಸುಳಿವು ಮಾತ್ರ. ಆದರೆ ಸುಳಿವು ನಮ್ಮ ಅಡುಗೆಮನೆಗೆ ಹೊಂದುತ್ತದೆ. ಸಾಸಿವೆ ಎಣ್ಣೆಯ ವಾಸನೆ ನಮಗೆ ಒಗ್ಗದು, ಅದು ಬೇಡ. ರೊಟ್ಟಿಯ ಜತೆಗಿನ ಅಗಸೆ ಚಟ್ನಿಪುಡಿ ಇದೆಯಲ್ಲ! ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಆ ಒಮೆಗಾ-3ಯೇ. ಹಸಿರು ಸೊಪ್ಪಿಗೆ ಪುಂಡಿಪಲ್ಯವೂ ಇದೆ.

ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. 1937ರ ಸುಮಾರಿಗೆ ಡಾಲ್ಡಾ ಎಂಬ ವನಸ್ಪತಿ ಬಂದು ತುಪ್ಪ ಕೊಳ್ಳಲಾಗದವರ ಹೋಳಿಗೆ, ಲಾಡು, ಮೈಸೂರು ಪಾಕಿಗೆ ಕೂಡಿಕೊಂಡಿತು. ಸಸ್ಯದೆಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ ಈ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಎಲ್‌ಡಿಎಲ್ ಏರಿಸಿ ಒಳ್ಳೆಯ ಎಚ್‌ಡಿಎಲ್ ಇಳಿಸುತ್ತದೆಂದು 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದರು. ದಿನದ ಶಕ್ತಿಯಲ್ಲಿ ಶೇ. 2ರಷ್ಟು ಟ್ರಾನ್ಸ್ ಕೊಬ್ಬಾದರೂ ಹೃದ್ರೋಗ ಶೇ. 23ರಷ್ಟು ಹೆಚ್ಚು ಎಂದು 2006ರ ಲೆಕ್ಕ. ಡೆನ್ಮಾರ್ಕ್ 2003ರಲ್ಲೇ ಮಿತಿ ಹಾಕಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಶೇ. 10, 5, 3 ಎಂದು ಇಳಿಸುತ್ತ 2022ರ ಜನವರಿಯಿಂದ ಶೇ. 2ಕ್ಕೆ ತಂದಿದೆ. ಕೊಬ್ಬು ಮತ್ತು ಹೃದಯದ ಇಡೀ ಚರ್ಚೆಯಲ್ಲಿ ಸಾಮಾನ್ಯ ಜನರಿಗೆ ನಿಜವಾಗಿ ದಕ್ಕಿದ ಅತಿ ದೊಡ್ಡ ಲಾಭ ಇದು.

ಡಾಲ್ಡಾ ಹಿಂದೆ ಸರಿದ ಜಾಗಕ್ಕೆ ಬಂದದ್ದು ಪಾಮ್ ಎಣ್ಣೆ. ಗಾಣದ ಶೇಂಗಾ ಎಣ್ಣೆ, ಕುಸುಬೆ ಎಣ್ಣೆಯ ಮೇಲೆ ಬದುಕಿದ ಸೀಮೆಗೆ 1970ರ ದಶಕದಲ್ಲಿ ಸೂರ್ಯಕಾಂತಿ ಬಂತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆ ಎಂದರೆ ಅದೇ ಆಯಿತು. 2015ರಲ್ಲಿ ಅನ್ನಭಾಗ್ಯದ ಕಾರ್ಡುದಾರರಿಗೆ ನ್ಯಾಯಬೆಲೆ ಅಂಗಡಿಯಲ್ಲೇ ಲೀಟರಿಗೆ 25 ರೂಪಾಯಿಯಂತೆ ಪಾಮ್ ಎಣ್ಣೆ ಕೊಡಲಾಯಿತು. ಕೆಲವು ವರ್ಷಗಳ ಮೇಲೆ ಅದು ನಿಂತು ತೊಗರಿ ಬೇಳೆ ಬಂತು, ಹೃದಯದ ದೃಷ್ಟಿಯಿಂದ ಒಳ್ಳೆಯ ಬದಲಾವಣೆ.

ಸಂಜೆ ಕಂಪ್ಲಿ, ಹೊಸಪೇಟೆ, ಸಂಡೂರಿನ ಬಸ್ ನಿಲ್ದಾಣದ ಬಳಿ ಮಿರ್ಚಿ ಬಾಣಲೆಯ ಮುಂದೆ ಒಂದು ಗಳಿಗೆ ನಿಲ್ಲಿ. ಒಂದು ಒಬ್ಬೆ ಇಳಿಸಿದ ಮೇಲೆ ಕರಿದ ಕಡಲೆಹಿಟ್ಟಿನ ಚೂರು ತಳದಲ್ಲಿ ಕಪ್ಪಗೆ ಕೂತಿರುತ್ತದೆ, ಅಂಚಿನಲ್ಲಿ ನೊರೆ ಕಟ್ಟಿರುತ್ತದೆ, ಎಣ್ಣೆ ತಗ್ಗಿದಷ್ಟಕ್ಕೆ ಪ್ಯಾಕೆಟ್ ಹರಿದು ಹೊಸದನ್ನು ಹಳೆಯದರ ಮೇಲೇ ಸುರಿಯುತ್ತಾರೆ. ಹೀಗೆ ಕಾದು ಕಾದು ಕೆಟ್ಟ ಎಣ್ಣೆಯ ಧ್ರುವೀಯ ಸಂಯುಕ್ತಗಳು ಶೇ. 25 ದಾಟಬಾರದು ಎಂಬ ನಿಯಮ 2018ರ ಜುಲೈನಿಂದ ಇದೆ. ಅಳೆಯುವವರು ಬೇಕಷ್ಟೆ. ಮಂಡಕ್ಕಿ ಒಗ್ಗರಣೆಯ ಜತೆ ಮಿರ್ಚಿ ಬಿಡಿ ಎಂದು ಈ ಸೀಮೆಯವರಿಗೆ ಹೇಳುವ ಮನಸ್ಸು ನನಗಿಲ್ಲ. ದಿನಾ ಬೇಡ, ಎಣ್ಣೆಯ ಬಣ್ಣ ನೋಡಿ ತಿನ್ನಿ ಎನ್ನಬಲ್ಲೆ.

ಇನ್ನು ಮನೆಯ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಕೊಟ್ಟ ದಿನದ ತಟ್ಟೆಯಲ್ಲಿ ಒಬ್ಬರಿಗೆ 27 ಗ್ರಾಂ ಎಣ್ಣೆ-ಕೊಬ್ಬು ಇದೆ. ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಕಿಲೊ, ಅಂದರೆ ನಾಲ್ಕೂವರೆ ಲೀಟರು. ಆ 27 ಗ್ರಾಂ ಪೂರ್ತಿ ಪಾಮೋಲಿನ್ ಆದರೆ ಅದರಲ್ಲಿ ಪರ್ಯಾಪ್ತ ಕೊಬ್ಬು ಹನ್ನೊಂದು ಗ್ರಾಂ. ಶೇಂಗಾ ಎಣ್ಣೆಯಾದರೆ ಐದು ಗ್ರಾಂ. ಸೂರ್ಯಕಾಂತಿಯಾದರೆ ಮೂರು. ರೊಟ್ಟಿಗೆ ಸವರುವ ಒಂದು ಚಿಕ್ಕ ಚಮಚ ತುಪ್ಪದಲ್ಲಿ ಇರುವುದು ಮೂರು ಗ್ರಾಂ. ಮನೆಯವರು ಜಗಳವಾಡುವುದು ಈ ಮೂರು ಗ್ರಾಮಿನ ಮೇಲೆ. ಡಬ್ಬದಿಂದ ಸದ್ದಿಲ್ಲದೆ ಬರುವ ಹನ್ನೊಂದು ಗ್ರಾಮನ್ನು ಯಾರೂ ಕೇಳುವುದಿಲ್ಲ.

ತುಪ್ಪದ ಪರವಾಗಿ ರಾಜಸ್ಥಾನದ ಹಳ್ಳಿಗಳ ಅಧ್ಯಯನವೊಂದನ್ನು ಮುಂದಿಡುವವರಿದ್ದಾರೆ. ತಿಂಗಳಿಗೆ ಒಂದು ಕಿಲೊಗಿಂತ ಹೆಚ್ಚು ತುಪ್ಪ ತಿನ್ನುವ ಗಂಡಸರಲ್ಲಿ ಹೃದ್ರೋಗ ಕಡಿಮೆ ಎಂದು 1997ರಲ್ಲಿ ಬಂದ ವರದಿ. ಅಷ್ಟು ತುಪ್ಪ ತಿನ್ನುವವರು ದನಕರು, ಹೊಲ ಇದ್ದು ಮೈಮುರಿದು ದುಡಿಯುವವರೂ ಆಗಿರಬಹುದು, ರೋಗ ಬಂದವರು ಆಗಲೇ ತುಪ್ಪ ಬಿಟ್ಟಿರಬಹುದು. ಒಂದೇ ಸಲ ಹೋಗಿ ಕೇಳಿ ಬಂದ ಸಮೀಕ್ಷೆ ಇದನ್ನು ಬೇರ್ಪಡಿಸಲಾರದು. ನನ್ನ ತೀರ್ಪು: ಆರೋಗ್ಯವಂತರಿಗೆ ಊಟದಲ್ಲಿ ಒಂದು ಚಮಚ ತುಪ್ಪ ಅಪರಾಧವಲ್ಲ, ಬೆಳಗ್ಗೆ ಎರಡು ಚಮಚ ಔಷಧಿಯಂತೆ ಕುಡಿಯಲು ಆಧಾರವಿಲ್ಲ. ಎಲ್‌ಡಿಎಲ್ ಹೆಚ್ಚಿರುವವರು, ಹೃದಯಾಘಾತವಾದವರು ವೈದ್ಯರು ಹೇಳಿದಂತೆ ಕೇಳಬೇಕು.

ಎಣ್ಣೆಯ ಗಲಾಟೆಯಲ್ಲಿ ದೊಡ್ಡ ಶತ್ರುವನ್ನು ಮರೆಯಬಾರದು. 2004ರ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, 52 ದೇಶಗಳ ಹೃದಯಾಘಾತಗಳ ಹಿಂದೆ ಮೊದಲು ನಿಂತವು ರಕ್ತದ ಕೊಬ್ಬಿನ ಏರುಪೇರು ಮತ್ತು ಧೂಮಪಾನ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸು 53, ಉಳಿದವರಿಗೆ 59. ಬೆಂಗಳೂರಿನ ಜಯದೇವ ಆಸ್ಪತ್ರೆ 2017ರಿಂದ ಇಟ್ಟುಕೊಂಡು ಬಂದಿರುವ ಕಿರಿಯ ವಯಸ್ಸಿನ ಹೃದ್ರೋಗಿಗಳ ದಾಖಲೆಯಲ್ಲೂ ಎದ್ದು ಕಾಣುವುದು ತಂಬಾಕು. 2025ರ ಬೇಸಿಗೆ ಮುಗಿದ ಮೇಲೆ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜನ ಜಯದೇವದ ಮುಂದೆ ಸಾಲುಗಟ್ಟಿ ನಿಂತರು. ಹೃದಯಾಘಾತದ ಪ್ರಮಾಣದಲ್ಲಿ ಅಸಹಜ ಏರಿಕೆ ಇಲ್ಲವೆಂದು ತಜ್ಞರ ಸಮಿತಿ ವರದಿ ಕೊಟ್ಟಿತು. ಬೀಡಿ, ಬಿಪಿ, ಸಕ್ಕರೆ ಕಾಯಿಲೆಗಳನ್ನು ಹಾಗೇ ಬಿಟ್ಟು ಎಣ್ಣೆಯ ಬ್ರ್ಯಾಂಡ್ ಬದಲಿಸಿದರೆ ಏನೂ ಆಗದು. ಫಿನ್ಲೆಂಡಿನ ಉತ್ತರ ಕರೇಲಿಯದಲ್ಲಿ 1972ರಿಂದ ಬೆಣ್ಣೆ ಬಿಡಿಸಿ, ಸಿಗರೇಟು ಬಿಡಿಸಿ, ಉಪ್ಪು ತಗ್ಗಿಸಿ, ಬಿಪಿಗೆ ಚಿಕಿತ್ಸೆ ಕೊಟ್ಟು, ನಾಲ್ಕು ದಶಕದೊಳಗೆ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವನ್ನು ಶೇ. 80ಕ್ಕೂ ಹೆಚ್ಚು ಇಳಿಸಿದರು. ಎಲ್ಲವನ್ನೂ ಒಟ್ಟಿಗೆ ಮಾಡಿದ್ದರ ಫಲ ಅದು.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಎಣ್ಣೆ ತರುವಾಗ ಪ್ಯಾಕೆಟ್ ತಿರುಗಿಸಿ ಸ್ಯಾಚುರೇಟೆಡ್ ಎಂಬ ಸಾಲು ಓದಿ. ನೂರು ಗ್ರಾಮಿಗೆ 20 ದಾಟಿದ್ದರೆ ದಿನದ ಅಡುಗೆಗೆ ಬೇಡ. ಮೂವತ್ತು ದಾಟಿದವರು ಎಲ್‌ಡಿಎಲ್ ಒಮ್ಮೆಯಾದರೂ ಪರೀಕ್ಷಿಸಿಕೊಳ್ಳಿ. ಹೃದ್ರೋಗಿಯ ತಟ್ಟೆಯಿಂದ ಶೇಂಗಾ, ಅಗಸೆ ಚಟ್ನಿ ತೆಗೆಯಬೇಡಿ, ಅನ್ನ ಒಂದು ಸೌಟು ತೆಗೆದು ಬೇಳೆ, ಸೊಪ್ಪು ಹಾಕಿ. ಸರ್ಕಾರದವರಲ್ಲೂ ಒಂದು ಮಾತು: ಪಡಿತರದಲ್ಲಿ ಮತ್ತೆ ಅಡುಗೆ ಎಣ್ಣೆ ಕೊಡುವುದಾದರೆ ಪಾಮ್ ಎಣ್ಣೆ ಕೊಡಬೇಡಿ. ಲೀಟರು ಅರ್ಧಕ್ಕಿಳಿದರೂ ಚಿಂತೆಯಿಲ್ಲ, ಬಳ್ಳಾರಿ, ಚಿತ್ರದುರ್ಗದ ರೈತರು ಬೆಳೆದ ಶೇಂಗಾದ ಎಣ್ಣೆಯನ್ನೇ ಕೊಡಿ.